ಹುಲ್ಲುಚಾವಣಿಯ ಗುಡಿ ಕಟ್ಟಿದ ದೊಡ್ಡಸ್ವಾಮಿಯವರು



ಭಾನುವಾರದ ಬೆಳಗಿನ ಹೊತ್ತು. ಸಿದ್ದಾಪುರದ ಯಾವುದೋ ಒಂದು ಗಲ್ಲಿಯಲ್ಲಿರುವ ನಿಮ್ಮ ಮನೆಯಲ್ಲಿ ಎಲ್ಲರಿಗೂ ಎಚ್ಚರವಾಗಿದೆ, ಆದರೆ ಏಳಲು ಯಾರಿಗೂ ಮನಸ್ಸಿಲ್ಲ. ಹೊರಗೆ ಜಿಟಿಜಿಟಿ ಮಳೆ. ವಾರವಿಡೀ ದುಡಿದು ದಣಿದ ಮೈ. ಮಧ್ಯಾಹ್ನಕ್ಕೆ ನೆಂಟರು ಬರುವವರಿದ್ದಾರೆ, ಅಡುಗೆಯಾಗಬೇಕು. ಮಗಳಿಗೆ ಒಂಬತ್ತು ಗಂಟೆಗೆ ಟ್ಯೂಷನ್. ಅಜ್ಜಿಗೆ ಮಂಡಿನೋವು, ಆಟೋದವನು ಇಷ್ಟು ಹತ್ತಿರಕ್ಕೆ ಬರಲು ಒಪ್ಪುವುದಿಲ್ಲ. ಒಂದು ವಾರ ಪೂಜೆ ತಪ್ಪಿದರೆ ಏನಾದೀತು, ದೇವರು ಮನೆಯಲ್ಲಿಲ್ಲವೇ ಎಂಬ ಮಾತು ತಾನಾಗಿಯೇ ನಾಲಿಗೆಗೆ ಬರುತ್ತದೆ.

ನಿಮ್ಮ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯುತ್ತಿಲ್ಲ. ಇದು ನನ್ನ ಮನೆಯ ಮಾತೂ ಹೌದು. 2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ದೇವಾಲಯಗಳ ಬಾಗಿಲು ಮುಚ್ಚಿದಾಗ ನಾವೆಲ್ಲ ಮೊಬೈಲಿನ ಮುಂದೆ ಕುಳಿತು ಬಲಿಪೂಜೆಯನ್ನು ನೋಡಿದೆವು. ಆಗ ಅದೇ ನಮಗೆ ದೊಡ್ಡ ಸಮಾಧಾನವಾಗಿತ್ತು. ಬಾಗಿಲು ಮತ್ತೆ ತೆರೆಯಿತು. ಆದರೆ ಕೆಲವರು ಹಿಂದಿರುಗಲಿಲ್ಲ. ವಿಶ್ವಾಸ ಕಳೆದುಕೊಂಡು ದೂರವಾದವರಲ್ಲ ಅವರು, ರೂಢಿ ತಪ್ಪಿ ದೂರವಾದವರು. ನಿಮ್ಮ ಬೀದಿಯಲ್ಲೂ ಅಂಥ ಒಂದೆರಡು ಮನೆಗಳಿರಬಹುದು.

ಆದ್ದರಿಂದ ಇಂದು ನಿಮಗೆ ಒಬ್ಬ ಗುರುಗಳ ಬಾಳಿನ ಕಥೆಯನ್ನು ಹೇಳುತ್ತೇನೆ. ನಮ್ಮ ಕನ್ನಡ ನಾಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಸೇವೆ ಸಲ್ಲಿಸಿದವರು ಇವರು. ಜನರು ಇವರನ್ನು ಪ್ರೀತಿಯಿಂದ ದೊಡ್ಡಸ್ವಾಮಿಯವರು ಎಂದು ಕರೆಯುತ್ತಿದ್ದರು. ಚರಿತ್ರೆಯ ಪುಸ್ತಕಗಳಲ್ಲಿ ಇವರ ಹೆಸರು ಅಬ್ಬೆ ದುಬುವಾ. ಅಬ್ಬೆ ಎಂಬುದು ಫ್ರೆಂಚರು ಗುರುಗಳನ್ನು ಗೌರವದಿಂದ ಕರೆಯುವ ಪದ.

ಮುಚ್ಚುತ್ತಿದ್ದ ಬಾಗಿಲುಗಳ ನಾಡಿನಿಂದ

ಝಾನ್ ಆಂತ್ವಾನ್ ದುಬುವಾ 1765ರ ಸುಮಾರಿಗೆ ದಕ್ಷಿಣ ಫ್ರಾನ್ಸಿನ ಸೇಂಟ್ ರೆಮೇಜ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. 1792ರಲ್ಲಿ ಗುರುದೀಕ್ಷೆ ಪಡೆದರು. ಆ ವರ್ಷವನ್ನು ಸ್ವಲ್ಪ ಗಮನಿಸಿ. ಫ್ರಾನ್ಸಿನಲ್ಲಿ ಮಹಾಕ್ರಾಂತಿ ನಡೆಯುತ್ತಿದ್ದ ಕಾಲ ಅದು. ಹೊಸ ಸರ್ಕಾರದ ಪ್ರಮಾಣವನ್ನು ಸ್ವೀಕರಿಸಲು ಒಪ್ಪದ ಗುರುಗಳನ್ನು ಸೆರೆಗೆ ತಳ್ಳುತ್ತಿದ್ದರು, ಗಡೀಪಾರು ಮಾಡುತ್ತಿದ್ದರು. ಅದೇ ವರ್ಷ ಸೆಪ್ಟೆಂಬರ್ ತಿಂಗಳಲ್ಲಿ ಪ್ಯಾರಿಸಿನ ಸೆರೆಮನೆಗಳಲ್ಲಿ ನೂರಾರು ಗುರುಗಳು ಕೊಲೆಯಾದರು. ಮರುವರ್ಷ ದೇವಾಲಯಗಳಿಗೆ ಬೀಗ ಬಿತ್ತು. ಹಳ್ಳಿಯ ಜನರು ಕೊಟ್ಟಿಗೆಗಳಲ್ಲಿ, ಕಾಡುಗಳಲ್ಲಿ ರಾತ್ರಿಯ ಹೊತ್ತು ಬಚ್ಚಿಟ್ಟುಕೊಂಡು ಬಲಿಪೂಜೆಯಲ್ಲಿ ಪಾಲ್ಗೊಳ್ಳುವ ಸ್ಥಿತಿ ಬಂತು.

ತರುಣ ದುಬುವಾ ಅವರು ಪ್ಯಾರಿಸಿನ ವಿದೇಶೀ ಧರ್ಮಪ್ರಚಾರ ಸಂಘವನ್ನು ಸೇರಿ ಅದೇ 1792ರಲ್ಲಿ ಹಡಗು ಹತ್ತಿ ಭಾರತದತ್ತ ಹೊರಟರು. ಮೊದಲ ಕೆಲವು ವರ್ಷ ಪಾಂಡಿಚೇರಿಯ ಕಡೆಯ ತಮಿಳು ಜಿಲ್ಲೆಗಳಲ್ಲಿ ದುಡಿದರು. ಜನರ ಭಾಷೆ ಕಲಿತರು. ಯುರೋಪಿನ ಉಡುಪನ್ನು ಬಿಟ್ಟು ಈ ನೆಲದವರಂತೆ ನಿಲುವಂಗಿ ತೊಟ್ಟು, ತಲೆಗೆ ರುಮಾಲು ಸುತ್ತಿದರು. ಜನರು ಉಣ್ಣುವುದನ್ನೇ ಉಂಡರು, ಅವರಂತೆಯೇ ನೆಲದ ಮೇಲೆ ಕುಳಿತರು. ಹಳ್ಳಿಯಿಂದ ಹಳ್ಳಿಗೆ ಸುತ್ತುವ ಬಡ ಮಿಷನರಿಗೆ ಬೇರೆ ಯಾವ ಆಸರೆಯೂ ಇರಲಿಲ್ಲ.

ಲಾಲ್‌ಬಾಗಿನಿಂದ ಶ್ರೀರಂಗಪಟ್ಟಣದವರೆಗೆ

ಈಗ ಕಥೆ ನಮ್ಮ ನೆರೆಗೇ ಬರುತ್ತದೆ. ಸಿದ್ದಾಪುರದಿಂದ ನಾಲ್ಕು ಹೆಜ್ಜೆ ನಡೆದರೆ ಲಾಲ್‌ಬಾಗ್. ಅದನ್ನು ಹೈದರಾಲಿ 1760ರಲ್ಲಿ ಆರಂಭಿಸಿದರು, ಅವರ ಮಗ ಟಿಪ್ಪು ಸುಲ್ತಾನರು ಬೆಳೆಸಿದರು ಎಂಬುದು ನಿಮಗೆ ಗೊತ್ತು. ಆ ತಂದೆ ಮಕ್ಕಳ ರಾಜಧಾನಿ ಶ್ರೀರಂಗಪಟ್ಟಣ.

ಬ್ರಿಟಿಷರೊಡನೆ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ, ಶತ್ರುಗಳಿಗೆ ನೆರವಾದರೆಂಬ ಸಂಶಯದ ಮೇಲೆ, 1784ರಲ್ಲಿ ಕೆನರಾ ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಅದು ವಿಭೂತಿ ಬುಧವಾರದ ದಿನವೆಂದು ಮಂಗಳೂರಿನ ಹಿರಿಯರು ಇಂದಿಗೂ ನೆನೆಯುತ್ತಾರೆ. ಸೆರೆಯಾದವರ ಸಂಖ್ಯೆಯ ಬಗ್ಗೆ ಚರಿತ್ರೆಕಾರರಲ್ಲಿ ಒಮ್ಮತವಿಲ್ಲ, ಆದರೆ ಅವರು ಹತ್ತಾರು ಸಾವಿರ ಮಂದಿ ಎಂಬುದರಲ್ಲಿ ಸಂದೇಹವಿಲ್ಲ. ದಾರಿಯಲ್ಲೂ ಸೆರೆಯಲ್ಲೂ ಬಹಳ ಮಂದಿ ಸತ್ತರು. ಅನೇಕರು ಬಲವಂತಕ್ಕೆ ಮಣಿದು ಧರ್ಮ ಬದಲಾಯಿಸಬೇಕಾಯಿತು. ಅವರಿಗೆ ಬಲಿಪೂಜೆ ಅರ್ಪಿಸಲು ಗುರುಗಳಿಲ್ಲ, ಸೇರಿ ಪ್ರಾರ್ಥಿಸಲು ಗುಡಿಯಿಲ್ಲ. ಹಾಗೆ ಒಂದಲ್ಲ ಎರಡಲ್ಲ, ಹದಿನೈದು ವರ್ಷಗಳು ಕಳೆದವು.

ಇದನ್ನು ನೆನೆಯುವುದು ಯಾರ ಮೇಲೂ ಮುನಿಸು ಬೆಳೆಸಲಿಕ್ಕಲ್ಲ. ರಾಜರ ಯುದ್ಧಗಳ ಲೆಕ್ಕವನ್ನು ಇಂದಿನ ನೆರೆಹೊರೆಯವರಿಂದ ಕೇಳುವುದು ನ್ಯಾಯವೂ ಅಲ್ಲ. ಸಿದ್ದಾಪುರದಲ್ಲಿ ನಾವು ಮುಸ್ಲಿಂ ಬಾಂಧವರೊಡನೆ ಒಂದೇ ಬೀದಿಯಲ್ಲಿ ಬಾಳುತ್ತಿದ್ದೇವೆ, ಕಷ್ಟಸುಖಕ್ಕೆ ಆಗುತ್ತಿದ್ದೇವೆ. ಶುಕ್ರವಾರದ ಮಧ್ಯಾಹ್ನ ಅಂಗಡಿಯ ಕೆಲಸವನ್ನು ನಿಲ್ಲಿಸಿ ನಮಾಜಿಗೆ ಹೊರಡುವ ಅವರ ನಿಷ್ಠೆಯನ್ನು ಕಂಡು ನಾವೇ ಎಷ್ಟೋ ಸಲ ನಾಚಿದ್ದೇವೆ. ಇಲ್ಲಿ ನಾನು ಹೇಳಹೊರಟಿರುವುದು ಹದಿನೈದು ವರ್ಷ ಪೂಜೆಯಿಲ್ಲದೆ ಬಾಳಿದ ಜನರು ಆಮೇಲೆ ಏನು ಮಾಡಿದರು ಎಂಬುದನ್ನು ಮಾತ್ರ.

1799ರ ಮೇ 4ರಂದು ಶ್ರೀರಂಗಪಟ್ಟಣ ಬ್ರಿಟಿಷರ ವಶವಾಯಿತು. ಸೆರೆಯಲ್ಲಿದ್ದವರಿಗೆ ಬಿಡುಗಡೆಯಾಯಿತು. ಬಹಳ ಮಂದಿ ಕರಾವಳಿಗೆ ಹಿಂದಿರುಗಿದರು. ಕೆಲವರು ಮೈಸೂರು ಸೀಮೆಯಲ್ಲೇ ಉಳಿದರು. ಇವರಲ್ಲದೆ, 17ನೆಯ ಶತಮಾನದಲ್ಲಿ ಬಂದ ಯೇಸುಸಭೆಯ ಗುರುಗಳ ಕಾಲದಿಂದಲೂ ಈ ಸೀಮೆಯ ಹಳ್ಳಿಗಳಲ್ಲಿ ಚದುರಿಹೋಗಿದ್ದ ಕನ್ನಡ ಕ್ರೈಸ್ತರೂ ಇದ್ದರು. 1773ರಲ್ಲಿ ಯೇಸುಸಭೆಯೇ ರದ್ದಾದ ಮೇಲೆ ಅವರನ್ನು ಕೇಳುವವರು ತೀರ ಕಡಿಮೆಯಾಗಿದ್ದರು. ಕುರಿಮಂದೆಯಿತ್ತು, ಕುರುಬನಿರಲಿಲ್ಲ.

ಆಗ ಕರ್ನಲ್ ಆರ್ಥರ್ ವೆಲ್ಲೆಸ್ಲಿಯವರ ಶಿಫಾರಸಿನ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದವರು ನಮ್ಮ ದುಬುವಾ ಸ್ವಾಮಿಗಳು. ಫ್ರೆಂಚರಿಗೂ ಬ್ರಿಟಿಷರಿಗೂ ಕಡುವೈರವಿದ್ದ ಕಾಲ. ಆದರೂ ಒಬ್ಬ ಫ್ರೆಂಚ್ ಗುರುವಿನ ಕೈಗೆ ಈ ಮಂದೆಯನ್ನು ಒಪ್ಪಿಸಿದರೆಂದರೆ ಅವರ ನಡತೆ ಎಂಥದ್ದಿರಬೇಕು, ನೀವೇ ಊಹಿಸಿ.

ಹಿಂದಿರುಗಿ ಬಂದವರು

ಸ್ವಾಮಿಗಳು ಬಂದ ಸುದ್ದಿ ಹರಡುತ್ತಿದ್ದಂತೆ ಜನರು ಒಬ್ಬೊಬ್ಬರಾಗಿ, ಆಮೇಲೆ ಗುಂಪುಗುಂಪಾಗಿ ಬರತೊಡಗಿದರು. ಹೊರಗಿನ ಬದುಕು ಬದಲಾಗಿದ್ದರೂ ಒಳಗೆ ವಿಶ್ವಾಸವನ್ನು ಬಿಟ್ಟಿರಲಿಲ್ಲವೆಂದು ಅವರು ಹೇಳಿಕೊಂಡರು. ಮತ್ತೆ ಧರ್ಮಸಭೆಗೆ ಸೇರಿಸಿಕೊಳ್ಳಿರೆಂದು ಬೇಡಿಕೊಂಡರು. ಅವರನ್ನು ದೇವರೊಡನೆಯೂ ಸಭೆಯೊಡನೆಯೂ ಸಂಧಾನಗೊಳಿಸುವ ಕೆಲಸ ದುಬುವಾ ಅವರದಾಯಿತು. ಹದಿನೈದು ವರ್ಷದಲ್ಲಿ ಒಂದು ತಲೆಮಾರೇ ಬೆಳೆದು ನಿಂತಿರುತ್ತದೆ ಎಂಬುದನ್ನು ನೆನೆಯಿರಿ. ಸೆರೆಯಲ್ಲಿ ಹುಟ್ಟಿದ ಮಕ್ಕಳು ಬಲಿಪೀಠವನ್ನೇ ಕಂಡವರಲ್ಲ. ಅಂಥವರು ಕರೆಯದೆಯೇ ಗುಡಿಯನ್ನು ಹುಡುಕಿಕೊಂಡು ಬಂದರು.

ಗುಡಿಯೆಂದರೂ ಆಗ ಎಷ್ಟರದ್ದು? ಶ್ರೀರಂಗಪಟ್ಟಣದ ಗಂಜಾಂನಲ್ಲಿ ಕಾವೇರಿಯ ದಡದಲ್ಲಿ 1800ರ ಹೊತ್ತಿಗೆ ಒಂದು ದೇವಾಲಯ ಎದ್ದಿತು. ಇಂದಿಗೂ ಅದನ್ನು ಅಬ್ಬೆ ದುಬುವಾ ದೇವಾಲಯವೆಂದೇ ಜನರು ಗುರುತಿಸುತ್ತಾರೆ. ಹೆಚ್ಚಿನ ಕಡೆ ಹುಲ್ಲಿನ ಮಾಡು, ಮಣ್ಣಿನ ಗೋಡೆಯೇ ಗತಿ.

ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಸುಮಾರು 120 ಕಿಲೋಮೀಟರು. ಬೆಂಗಳೂರು ದಂಡುಪ್ರದೇಶಕ್ಕೆ ರೈಲು ಬಂದದ್ದು 1864ರಲ್ಲಿ. ದುಬುವಾ ಅವರ ಕಾಲದಲ್ಲಿ ಕಾಲ್ನಡಿಗೆ, ಎತ್ತಿನ ಗಾಡಿ, ಹೆಚ್ಚೆಂದರೆ ಕುದುರೆ. ಇಷ್ಟು ದೊಡ್ಡ ಸೀಮೆಗೆ ಬೆರಳೆಣಿಕೆಯ ಗುರುಗಳು. ಒಂದು ಹಳ್ಳಿಗೆ ಸ್ವಾಮಿಗಳು ವರುಷಕ್ಕೊಮ್ಮೆ ಬಂದರೆ ಅದೇ ದೊಡ್ಡ ಭಾಗ್ಯ. ಭಾನುವಾರ ಭಾನುವಾರ ಬಲಿಪೂಜೆ ಎಂಬುದು ಅಂದಿನ ನಮ್ಮ ಹಿರಿಯರಿಗೆ ಕನಸಿನ ಮಾತು. ಇಂದು ನಮಗೆ ಬೆಳಗಿನ ಪೂಜೆ, ಸಂಜೆಯ ಪೂಜೆ, ಕನ್ನಡ ಪೂಜೆ, ತಮಿಳು ಪೂಜೆ, ಇಂಗ್ಲಿಷ್ ಪೂಜೆ ಎಂದು ಆಯ್ಕೆ ಮಾಡಿಕೊಳ್ಳುವಷ್ಟು ಅನುಕೂಲವಿದೆ. ಅನುಕೂಲ ಹೆಚ್ಚಿದಷ್ಟೂ ಹಸಿವು ಕಡಿಮೆಯಾಯಿತೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾಗಿದೆ.

ಆತ್ಮದ ಜೊತೆಗೆ ಹೊಟ್ಟೆಯ ಚಿಂತೆಯನ್ನೂ ಸ್ವಾಮಿಗಳು ಮರೆಯಲಿಲ್ಲ. ನೆಲೆಯಿಲ್ಲದ ಕ್ರೈಸ್ತ ಕುಟುಂಬಗಳಿಗಾಗಿ ಬೇಸಾಯದ ಊರುಗಳನ್ನು ನೆಲೆಗೊಳಿಸಿದರು. ಅವುಗಳಲ್ಲಿ ಮುಖ್ಯವಾದುದು ಹಾಸನದ ಬಳಿಯ ಸಾತಳ್ಳಿ. ಸಿಡುಬು ರೋಗ ಮನೆಮನೆಗಳನ್ನು ಬರಿದು ಮಾಡುತ್ತಿದ್ದ ಕಾಲದಲ್ಲಿ, ಎಡ್ವರ್ಡ್ ಜೆನ್ನರ್ ಕಂಡುಹಿಡಿದ ಲಸಿಕೆ ನಮ್ಮ ದೇಶಕ್ಕೆ 1802ರಲ್ಲಿ ಬಂದಿತು. ಜನರ ಅಂಜಿಕೆಯನ್ನು ಕಳೆದು, 1803 ಮತ್ತು 1804ರಲ್ಲಿ ದುಬುವಾ ಅವರು 25,432 ಮಂದಿಗೆ ಲಸಿಕೆ ಹಾಕಿಸಿದರೆಂದು ದಾಖಲೆಯಿದೆ. ಇಂಥ ಕೆಲಸಗಳಿಂದಲೇ ಅವರು ಎಲ್ಲ ಜಾತಿಮತಗಳವರ ಬಾಯಲ್ಲಿ ದೊಡ್ಡಸ್ವಾಮಿಯವರಾದರು.

ಜಗತ್ತಿನ ವಿದ್ವಾಂಸರು ಅವರನ್ನು ನೆನೆಯುವುದು ಇನ್ನೊಂದು ಕಾರಣಕ್ಕೆ. ಹಿಂದೂ ಸಮಾಜದ ರೀತಿನೀತಿಗಳನ್ನು ಕುರಿತು ಅವರು ಸಿದ್ಧಪಡಿಸಿದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡುಕೊಂಡು 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿತು. ಅದರ ಬಹುಭಾಗ ಅವರಿಗಿಂತ ಹಿಂದಿನ ಯೇಸುಸಭೆಯ ಗುರು ಕೂರ್ದೂ ಅವರ ಬರಹವನ್ನು ಆಧರಿಸಿದ್ದೆಂದು ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿಕೊಟ್ಟರು. ಆ ಪುಸ್ತಕದಲ್ಲಿ ನಮ್ಮ ಜನರ ಬಗ್ಗೆ ಕಟುವಾದ, ಇಂದು ಒಪ್ಪಲಾಗದ ಮಾತುಗಳೂ ಇವೆ. ದೊಡ್ಡವರಲ್ಲೂ ಕುಂದುಗಳಿರುತ್ತವೆ. ಅದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ.

ಬೆಂಗಳೂರಿನ ಹುಲ್ಲುಗುಡಿ

ನೀವು ಪ್ರತಿ ವರ್ಷ ಸೆಪ್ಟೆಂಬರ್ 8ರಂದು ಬಸ್ಸಿನಲ್ಲೋ ನಡೆದುಕೊಂಡೋ ಶಿವಾಜಿನಗರದ ಮರಿಯಮ್ಮನವರ ಹಬ್ಬಕ್ಕೆ ಹೋಗುವವರಲ್ಲವೇ? ಕಾವಿ ಬಟ್ಟೆ ತೊಟ್ಟು, ಮೇಣದ ಬತ್ತಿ ಹಿಡಿದು, ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ತಾಯಿಯ ದರ್ಶನ ಪಡೆಯುತ್ತೀರಿ. ಆ ಜಾಗ ಹಿಂದೆ ಹೊಲಗದ್ದೆಗಳ ನಡುವಿನ ಒಂದು ಹಳ್ಳಿ. ಅಲ್ಲಿದ್ದ ಬಡ ಕ್ರೈಸ್ತ ಕುಟುಂಬಗಳಿಗಾಗಿ 1818ರಲ್ಲಿ ಹುಲ್ಲುಚಾವಣಿಯ ಒಂದು ಪುಟ್ಟ ಗುಡಿಯನ್ನು ಕಟ್ಟಿ ಬಲಿಪೂಜೆ ಅರ್ಪಿಸಿದವರು ಇದೇ ಅಬ್ಬೆ ದುಬುವಾ.

ಆ ಮಾಡಿನ ಕೆಳಗೆ ಅಂದು ಸೇರಿದ್ದವರ ಹೆಸರು ನಮಗೆ ಉಳಿದಿಲ್ಲ. ಅವರು ಹೊಲಗೆಲಸ ಬಿಟ್ಟು ಬಂದಿರಬಹುದು. ಮಳೆ ಬಂದರೆ ಹುಲ್ಲಿನ ಮಾಡು ಸೋರಿರಬಹುದು. ಕೂರಲು ಬೆಂಚಿಲ್ಲ, ಫ್ಯಾನಿಲ್ಲ, ಮೈಕಿಲ್ಲ. ಆದರೂ ಅವರು ಬಂದರು. ಅವರ ಮಕ್ಕಳು ಬಂದರು. ಬರುವವರಿದ್ದುದರಿಂದಲೇ ಗುಡಿ ಉಳಿಯಿತು, ಉಳಿದುದರಿಂದ ಬೆಳೆಯಿತು. 1882ರಲ್ಲಿ ಅದೇ ಸ್ಥಳದಲ್ಲಿ ಇಂದು ನಾವು ಕಾಣುವ ಎತ್ತರದ ಗೋಪುರದ ದೇವಾಲಯದ ಪ್ರತಿಷ್ಠೆಯಾಯಿತು. 1973ರಲ್ಲಿ ಜಗದ್ಗುರು ಆರನೆಯ ಪೌಲರು ಅದನ್ನು ಬಸಿಲಿಕದ ಪದವಿಗೆ ಏರಿಸಿದರು.

ನಿರಾಶೆಯ ಕಾಗದಗಳು

ಆದರೆ ಪ್ರಿಯರೇ, ಇದೊಂದನ್ನೂ ದುಬುವಾ ಅವರು ಕಾಣಲಿಲ್ಲ. ಅವರ ಬಾಳಿನ ಮುಖ್ಯ ಪಾಠ ಇರುವುದು ಇಲ್ಲಿಯೇ.

1823ರ ಜನವರಿಯಲ್ಲಿ ಅವರು ಭಾರತವನ್ನು ಬಿಟ್ಟು ಫ್ರಾನ್ಸಿಗೆ ಹಿಂದಿರುಗಿದರು. ಅದೇ ವರ್ಷ ಲಂಡನ್ನಿನಲ್ಲಿ, ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತು ಅವರು ಬರೆದಿದ್ದ ಕಾಗದಗಳು ಪುಸ್ತಕವಾಗಿ ಹೊರಬಂದವು. ಅದನ್ನು ಓದಿದವರು ದಂಗಾದರು. ಇಲ್ಲಿ ಮಾನವ ಪ್ರಯತ್ನದಿಂದ ಧರ್ಮ ಬೇರೂರುವ ಕಾಲ ಮುಗಿದುಹೋಯಿತೆಂದು ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದರು. ಇಪ್ಪತ್ತೈದು ವರ್ಷಗಳ ದುಡಿಮೆಯಲ್ಲಿ ತಮ್ಮಿಂದ ಹೊಸದಾಗಿ ವಿಶ್ವಾಸಕ್ಕೆ ಬಂದವರು ಇನ್ನೂರು ಮುನ್ನೂರು ಮಂದಿ ಮಾತ್ರ, ಅವರಲ್ಲೂ ಗಟ್ಟಿಯಾಗಿ ನಿಂತವರು ಕಡಿಮೆ ಎಂದು ಲೆಕ್ಕ ಒಪ್ಪಿಸಿದರು. ಬೇರೆ ಮಿಷನರಿಗಳು ಕೋಪಗೊಂಡರು. ಜೇಮ್ಸ್ ಹ್ಯೂ ಎಂಬವರು ಮರುವರ್ಷವೇ ಒಂದು ಪ್ರತ್ಯುತ್ತರದ ಪುಸ್ತಕ ಬರೆದರು.

ಇಂಥ ನಿರಾಶೆಯನ್ನು ಓದುವಾಗ ಮನಸ್ಸಿಗೆ ನೋವಾಗುತ್ತದೆ. ಆದರೆ ಒಂದು ಸಂಗತಿಯನ್ನು ಗಮನಿಸಿ. ಈ ಕಾಗದಗಳಲ್ಲಿ ಕೆಲವನ್ನು ಅವರು ಬರೆದದ್ದು ಭಾರತದಲ್ಲಿದ್ದಾಗಲೇ, ಇಲ್ಲಿಂದ ಹೊರಡುವುದಕ್ಕೆ ವರುಷಗಳ ಮೊದಲೇ. ಅಂದರೆ ಮನಸ್ಸಿನಲ್ಲಿ ಆ ನಿರಾಶೆಯನ್ನು ಹೊತ್ತುಕೊಂಡೇ ಅವರು ಬಲಿಪೂಜೆ ಅರ್ಪಿಸಿದರು, ಮಕ್ಕಳಿಗೆ ಜ್ಞಾನಸ್ನಾನ ಕೊಟ್ಟರು, ಪಾಪನಿವೇದನೆ ಕೇಳಿದರು, ಸಾಯುವವರ ಹಾಸಿಗೆಯ ಬಳಿಗೆ ಹೋದರು, ಬೆಂಗಳೂರಿನಲ್ಲಿ ಹುಲ್ಲಿನ ಗುಡಿ ಕಟ್ಟಿದರು. ಫಲ ಕಾಣುತ್ತಿಲ್ಲವೆಂದು ಬಾಗಿಲು ಹಾಕಲಿಲ್ಲ. ಮನಸ್ಸು ಬಾರದ ದಿನವೂ ಬಲಿಪೀಠದ ಮುಂದೆ ನಿಂತರು.

ಫ್ರಾನ್ಸಿಗೆ ಮರಳಿದ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ಪ್ಯಾರಿಸಿನ ತಮ್ಮ ಸಂಘದ ಗುರುಮಠದಲ್ಲಿ ದುಡಿದು, 1836ರಿಂದ 1839ರವರೆಗೆ ಅದರ ಮುಖ್ಯಸ್ಥರಾಗಿದ್ದರು. 1848ರ ಫೆಬ್ರವರಿಯಲ್ಲಿ ದೇವರಡಿ ಸೇರಿದರು. ಅವರು ತೀರಿಕೊಂಡ ಎರಡೇ ವರ್ಷಕ್ಕೆ, 1850ರಲ್ಲಿ, ಮೈಸೂರು ಸೀಮೆ ಪ್ರತ್ಯೇಕ ಪ್ರೇಷಿತ ಪ್ರಾಂತ್ಯವಾಯಿತು. 1886ರಲ್ಲಿ ಧರ್ಮಕ್ಷೇತ್ರವಾಯಿತು. 1940ರಲ್ಲಿ ಬೆಂಗಳೂರು ಧರ್ಮಕ್ಷೇತ್ರ ಹುಟ್ಟಿತು, 1953ರಲ್ಲಿ ಅದು ಮಹಾಧರ್ಮಕ್ಷೇತ್ರವಾಯಿತು. ಬೇರೂರಲಾರದು ಎಂದು ಅವರು ಅಂದುಕೊಂಡ ಸಸಿಯ ನೆರಳಿನಲ್ಲಿ ಇಂದು ನೀವೂ ನಾನೂ ಕುಳಿತಿದ್ದೇವೆ.

ನಿಮ್ಮ ಬೆಂಚು ಖಾಲಿಯಾದರೆ

ಈಗ ಮತ್ತೆ ನಿಮ್ಮ ಭಾನುವಾರಕ್ಕೆ ಬರೋಣ. ಪೂಜೆಗೆ ಹೋದರೆ ಮನಸ್ಸಿಗೆ ಏನೂ ಅನ್ನಿಸುವುದಿಲ್ಲ, ಪ್ರಬೋಧನೆ ಹಿಡಿಸುವುದಿಲ್ಲ, ಗಾಯನ ಚೆನ್ನಾಗಿಲ್ಲ, ಸುಮ್ಮನೆ ಯಾಕೆ ಹೋಗಬೇಕು ಎಂದು ಹೇಳುವವರಿದ್ದಾರೆ. ಅವರ ಮಾತು ಸುಳ್ಳಲ್ಲ. ಹಾಗೆ ಅನ್ನಿಸುವ ವಾರಗಳು ಎಲ್ಲರ ಬಾಳಿನಲ್ಲೂ ಬರುತ್ತವೆ. ಆದರೆ ನಾವು ದೇವಾಲಯಕ್ಕೆ ಹೋಗುವುದು ನಮ್ಮೊಬ್ಬರ ಸಮಾಧಾನಕ್ಕಾಗಿ ಮಾತ್ರವೇ? ಶ್ರೀರಂಗಪಟ್ಟಣದಲ್ಲಿ ಹದಿನೈದು ವರ್ಷದ ಮೇಲೆ ಹಿಂದಿರುಗಿದವರಿಗೆ ಬೇಕಾಗಿದ್ದುದು ತೆರೆದ ಬಾಗಿಲು, ಬಾಗಿಲಲ್ಲಿ ಕಾದಿದ್ದ ಒಬ್ಬ ಗುರು, ಒಳಗೆ ಜೊತೆಯಲ್ಲಿ ಮೊಣಕಾಲೂರಲು ನಾಲ್ಕು ಜನ.

ನಿಮ್ಮ ಧರ್ಮಕೇಂದ್ರದಲ್ಲೂ ಹಾಗೆಯೇ. ವರುಷಗಟ್ಟಲೆ ದೂರವಿದ್ದ ಒಬ್ಬ ತಮ್ಮನೋ ತಂಗಿಯೋ ಒಂದು ದಿನ ಅಳುಕುತ್ತ ಬಂದು ಹಿಂದಿನ ಸಾಲಿನಲ್ಲಿ ಕೂರಬಹುದು. ಅಂದು ಅಲ್ಲಿ ನಿಮ್ಮ ಮುಖ ಕಾಣಬೇಕು. ಒಬ್ಬ ಗುರುಗಳೇ ಖಾಲಿ ಬೆಂಚುಗಳಿಗೆ ಪೂಜೆ ಅರ್ಪಿಸುವ ಸ್ಥಿತಿ ಬಂದರೆ ಹಿಂದಿರುಗುವವರು ಎಲ್ಲಿಗೆ ಹಿಂದಿರುಗಬೇಕು? ನೀವು ಮಳೆಯಲ್ಲಿ ನೆನೆದು ಬಂದ ಭಾನುವಾರ ನಿಮಗೆ ಏನೂ ಅನ್ನಿಸದೆ ಇರಬಹುದು. ನಿಮ್ಮ ಪಕ್ಕದಲ್ಲಿ ಕುಳಿತವರಿಗೆ ಅದೇ ಆಸರೆಯಾಗಿರಬಹುದು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಹಾಸಿಗೆ ಹಿಡಿದವರು, ಅವರನ್ನು ಬಿಟ್ಟು ಬರಲಾಗದವರು, ಎಳೆಗೂಸಿನ ತಾಯಂದಿರು, ರಾತ್ರಿ ಪಾಳಿಯ ದಾದಿಯರು, ಕೆಲಸದಿಂದ ಬಿಡುವೇ ಸಿಗದ ಬಡವರು ತಮ್ಮನ್ನು ತಾವು ಹಳಿದುಕೊಳ್ಳಬೇಕಾಗಿಲ್ಲ. ತಕ್ಕ ಕಾರಣವಿದ್ದವರ ಮೇಲೆ ಧರ್ಮಸಭೆ ಈ ಹೊರೆಯನ್ನು ಹೊರಿಸುವುದಿಲ್ಲ. ಶನಿವಾರ ಸಂಜೆಯ ಬಲಿಪೂಜೆಯಲ್ಲಿ ಪಾಲ್ಗೊಂಡರೂ ಭಾನುವಾರದ ಕರ್ತವ್ಯ ಪೂರೈಸಿದಂತೆಯೇ. ಬರಲಾಗದವರ ಮನೆಗೆ ಪರಮಪ್ರಸಾದವನ್ನು ಕೊಂಡೊಯ್ಯುವ ಏರ್ಪಾಡಿಗಾಗಿ ನಿಮ್ಮ ಗುರುಗಳನ್ನು ಕೇಳಿರಿ. ಆದರೆ ಬರಬಲ್ಲವರು ಬರಬೇಕು. ಪರದೆಯ ಮೇಲೆ ಊಟವನ್ನು ನೋಡಿದರೆ ಹೊಟ್ಟೆ ತುಂಬುವುದಿಲ್ಲ.

ಈ ವಾರ ಮೂರು ಸಣ್ಣ ಕೆಲಸಗಳನ್ನು ಮಾಡೋಣ. ಶನಿವಾರ ರಾತ್ರಿಯೇ ಮಕ್ಕಳ ಬಟ್ಟೆಯನ್ನು ತೆಗೆದಿಟ್ಟು ಬೇಗ ಮಲಗೋಣ. ನೆಂಟರು ಬಂದಿದ್ದರೆ ಅವರನ್ನೂ ಕರೆದುಕೊಂಡು ಹೋಗೋಣ. ನಮ್ಮ ಬೀದಿಯಲ್ಲಿ ಪೂಜೆಗೆ ಬರುವುದನ್ನು ಬಿಟ್ಟಿರುವ ಒಂದು ಮನೆಗೆ ಹೋಗಿ, ಕಾರಣ ಕೇಳದೆ, ಬುದ್ಧಿ ಹೇಳದೆ, ನಾಳೆ ನಮ್ಮ ಜೊತೆ ಬನ್ನಿ ಎಂದಷ್ಟೇ ಕರೆಯೋಣ. ಮಂಡಿನೋವಿನ ಅಜ್ಜಿಯ ಕೈ ಹಿಡಿದುಕೊಂಡು ನಿಧಾನವಾಗಿ ನಡೆಯೋಣ. ತಡವಾದರೂ ಚಿಂತೆಯಿಲ್ಲ.

ಫಲವನ್ನು ಕಾಣದೆಯೇ ಬಿತ್ತಿಹೋದ ದೊಡ್ಡಸ್ವಾಮಿಯವರನ್ನೂ, ಆ ಹುಲ್ಲುಚಾವಣಿಯ ಕೆಳಗೆ ಮೊಣಕಾಲೂರಿದ ಹೆಸರಿಲ್ಲದ ಹಿರಿಯರನ್ನೂ ಬರುವ ಭಾನುವಾರದ ಬಲಿಪೂಜೆಯಲ್ಲಿ ನೆನೆಯೋಣ. ಅವರು ನಮಗಾಗಿ ತೆರೆದಿಟ್ಟ ಬಾಗಿಲನ್ನು ನಮ್ಮ ಮಕ್ಕಳಿಗಾಗಿ ತೆರೆದಿಡುವ ಕೃಪೆಯನ್ನು ಪ್ರಭು ನಮಗೆ ನೀಡಲಿ.